ತೊಟ್ಟಿಲ ರೂಪಾಯಿ

ಔಡಲೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಬೆಟಗೇರಿಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಸೀರೆ ಮಾರಲು ಗೋವಾಕ್ಕೆ ಹೋಗಿದ್ದ ಅಜ್ಜ ತಂದ ಬೆಳ್ಳಿ ನಾಣ್ಯವೊಂದು ಅಜ್ಜಿಯ ಬಳಿ ಇತ್ತು. ಸಮುದ್ರ ಕಾಣದ ನಮ್ಮ ಓಣಿಯ ಹೆಂಗಸರು ಅದರ ಮೇಲಿನ ಚಿತ್ರವನ್ನು ಬಟ್ಟೆ ಕಟ್ಟಿದ ತೊಟ್ಟಿಲೆಂದೇ ತಿಳಿದು, ತೊಟ್ಟಿಲ ರೂಪಾಯಿ ಎನ್ನುತ್ತಿದ್ದರು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಹೊಕ್ಕುಳ ಉಬ್ಬಬಾರದೆಂದು ಔಡಲೆಣ್ಣೆ ಸವರಿ, ಆ ನಾಣ್ಯವನ್ನೇ ಇಟ್ಟು ಬಟ್ಟೆ ಕಟ್ಟುತ್ತಿದ್ದರು.

ಸ್ವಾತಂತ್ರ್ಯ ಬಂದ ಹೊಸದು. ಚಳವಳಿಯಲ್ಲಿ ಜೈಲು ಕಂಡಿದ್ದ ಕಾಕಾ ಅದನ್ನು ಬೆಳಕಿಗೆ ಹಿಡಿದ.

“ಇದು ತೊಟ್ಟಿಲಲ್ಲಬೇ, ಹಡಗ. ಪೋರ್ಚುಗೀಜರು ಸಮುದ್ರ ದಾಟಿ ನಮ್ಮ ದೇಶಾ ಹುಡುಕಿದ್ದರ ನೆನಪಿಗೆ ಮಾಡ್ಯಾರ. ಗೋವಾದಾಗ ಇನ್ನೂ ಅವರ ಕುಂತಾರ. ಪತ್ತಾರಗ ಕೊಟ್ಟು ಕರಗಸು.”

ನಾನು ನಾಣ್ಯ ನೋಡಲು ಕತ್ತು ಚಾಚಿದೆ. ಅಜ್ಜಿ ನಾಣ್ಯವನ್ನು ಕಸಿದುಕೊಂಡು ಸೆರಗಿನಿಂದ ಒರೆಸಿದಳು.

“ಅವರು ಹುಡುಕಾಕ ನಮ್ಮ ದೇಶಾ ಏನ್ ಕಳದಿತ್ತೇನೋ? ನಿನ್ನ ಹೊಕ್ಕಳಕ್ಕೂ ಇದನ್ನ ಕಟ್ಟೀನಿ, ಈ ಹುಡುಗಿ ಹೊಕ್ಕಳಕ್ಕೂ ಇದನ್ನ ಕಟ್ಟೀನಿ. ಬಾಜೂಮನಿ ಹಸೀನಾ ಹಡದಾಳ. ಜಲ್ದಿ ಕೊಟ್ಟು ಬಾ.”

ಕಾಕಾ ಗೊಣಗುತ್ತಲೇ ಹೋದ. ಬಹಳ ಹೊತ್ತಿನ ಮೇಲೆ ಬಂದ. ಹಸೀನಾಳ ಅತ್ತೆ ಹೊಸ್ತಿಲಲ್ಲೇ ಕೂಸನ್ನು ಅವನ ಕೈಗೆ ಕೊಟ್ಟಿದ್ದಳಂತೆ. ಅಂಗೈಯೆಲ್ಲ ಎಣ್ಣೆಯಾಗಿತ್ತು.

“ಹಡಗ ಮುಟ್ಟಿಸಿದೇನಪಾ?” ಎಂದು ಅಜ್ಜಿ ಕೇಳಿದಳು.

ಕಾಕಾ ಅಂಗೈ ಮೂಸಿಕೊಂಡು ನಕ್ಕ.

“ತೊಟ್ಟಿಲ ಮುಟ್ಟಿಸಿ ಬಂದ್ನಬೇ.”