ದಾಕ್ಷಾಯಿಣಿಯ ವಂದನಾರ್ಪಣೆ

"ಅವಳ ಬಾಯಿಂದ 'ಶೌಚಾಲಯ' ಅನ್ನೋ ಮಾತು ಬಂದ ತಕ್ಷಣ ಮೈಕ್ ಆಫ್ ಮಾಡ್ಬೇಕು. ತಿಳೀತೇನಪ್ಪ?"

ಮೈಕಿನ ಹಾಲೇಶ್ ಕಣ್ಣು ಮಿಟುಕಿಸಿದ. "ಬರೀ 'ಶೌ' ಅಂದ್ರೂ ಸಾಕು ಸಾರ್, ವೈರೇ ಕಿತ್ತಾಕ್ತೀನಿ."

ಬಯಲುಸೀಮೆ ವಿಶ್ವವಿದ್ಯಾಲಯದ ಕುಲಸಚಿವ ಗೋವಿಂದಯ್ಯನವರಿಗೆ ಆದರೂ ಸಮಾಧಾನವಿಲ್ಲ. ಅವರೇನು ಸಾಮಾನ್ಯರೇ? ದುರ್ಗದ ಕೋಟೆಗೆ ಏಳು ಸುತ್ತಾದರೆ, ಅವರ ಮೇಜು ದಾಟಲು ಒಂದು ಕಡತ ಎಪ್ಪತ್ತು ಸುತ್ತು ಹಾಕಬೇಕು. ಕೆಮ್ಮಿದರೆ ಮೂರು ವಿಭಾಗಗಳು ಎದ್ದು ನಿಲ್ಲುತ್ತವೆ. ಅಂಥವರ ನಿದ್ದೆ ಕೆಡಿಸಿದ್ದು ಪರೀಕ್ಷಾ ವಿಭಾಗದ ಗುಮಾಸ್ತೆ ದಾಕ್ಷಾಯಿಣಿ.

ಕಾರಣ ಒಂದು ಬೀಗ. ಆಡಳಿತ ಭವನದ ಹೆಂಗಸರ ಶೌಚಾಲಯ ನಾಲ್ಕು ವರ್ಷದಿಂದ ಉಗ್ರಾಣ. ಒಳಗೆ ಸಮಾರಂಭಗಳಿಗೆಂದು ತಂದ ಶಾಲು, ಗಂಧದ ಹಾರ, ನೆನಪಿನ ಕಾಣಿಕೆ. ಶಾಲು ಕಳುವಾದರೆ ಯಾರು ಹೊಣೆ? ಆದ್ದರಿಂದ ಬೀಗದ ಕೈ ಸದಾ ಗೋವಿಂದಯ್ಯನವರ ಕೋಟಿನ ಜೇಬಿನಲ್ಲಿ. ಪಕ್ಕದ ಇನ್ನೊಂದು ಶೌಚಾಲಯ ಅತಿಥಿಗಳದ್ದು, ಸಮಾರಂಭದ ದಿನ ಮಾತ್ರ ತೆರೆಯುವಂಥದ್ದು. ಗಂಡಸರಿಗೆ ಹಿಂದಿನ ಗುಡ್ಡವೇ ಇದೆ. ಹೆಂಗಸರು ಮಾತ್ರ ಬೆಳಗ್ಗೆ ಬಸ್ಸು ಹತ್ತಿದವರು ಸಂಜೆ ಇಳಿಯುವವರೆಗೆ ಹನಿ ನೀರು ಮುಟ್ಟುವುದಿಲ್ಲ. ಹೋದ ತಿಂಗಳು ಟೈಪಿಸ್ಟ್ ಮಮತಾ ಮೂತ್ರದ ಸೋಂಕು ಏರಿ ಆಸ್ಪತ್ರೆ ಸೇರಿದ್ದಳು. ಅಂದು ದಾಕ್ಷಾಯಿಣಿ ಸೀದಾ ಇವರ ಕೋಣೆಗೆ ನುಗ್ಗಿದ್ದಳು.

"ಆ ಬೀಗ ನೀವೇ ತೆಗೀತೀರಿ ಸಾರ್. ನಿಮ್ಮ ಕೈಯಾರೆ."

"ಕನಸು ಕಾಣಮ್ಮ," ಎಂದಿದ್ದರು ಗೋವಿಂದಯ್ಯ.

ಇಂದು ಸಿಬ್ಬಂದಿ ಸ್ವಾಸ್ಥ್ಯ ಸಪ್ತಾಹದ ಬಹಿರಂಗ ಉಪನ್ಯಾಸ. ವಿಷಯ: 'ನೀರೇ ಅಮೃತ'. ಎದುರಿಗೆ ಪತ್ರಿಕೆಯವರು, ಪಕ್ಕದಲ್ಲಿ ಕುಲಪತಿಗಳು. ವಂದನಾರ್ಪಣೆಯನ್ನು ದಾಕ್ಷಾಯಿಣಿ ಕುಲಪತಿಗಳ ಹತ್ತಿರವೇ ಕೇಳಿ ಪಡೆದಿದ್ದಳು. ಮೈಕಿನ ಮುಂದೆ ನಿಂತು ತಮ್ಮ ಮಾನ ಹರಾಜು ಹಾಕಲಿಕ್ಕೇ ಎಂಬುದು ಗೋವಿಂದಯ್ಯನವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ.

ಮೈಸೂರು ಪೇಟ, ಶಾಲು, ಗಂಧದ ಹಾರ ಎಲ್ಲ ಹೊತ್ತುಕೊಂಡೇ ಅವರು ಪ್ರಾಸ್ತಾವಿಕ ಗುಡುಗಿದರು: "ಆರೋಗ್ಯದ ವಿಷಯದಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಕುಲಸಚಿವನೂ ಒಂದೇ, ಕಸ ಗುಡಿಸುವ ಕಾಳಕ್ಕನೂ ಒಂದೇ!" ಬಿದ್ದ ಚಪ್ಪಾಳೆಗೆ ಜೋಗಿಮಟ್ಟಿಯ ಗಾಳಿಯಂತ್ರಗಳು ಹಿಂದುಮುಂದಾಗಿ ತಿರುಗಿದವು ಎಂದರೆ ಸುಳ್ಳಲ್ಲ.

ಸಪ್ತಾಹದ ಉಡುಗೊರೆಯಾಗಿ ಎಲ್ಲರಿಗೂ ಹಂಚಿದ್ದ ಸ್ಟೀಲ್ ನೀರಿನ ಬಾಟಲಿಯನ್ನು ಉಪನ್ಯಾಸಕ ಡಾಕ್ಟರ್ ರವೀಂದ್ರ ಎತ್ತಿ ಹಿಡಿದರು. "ಎಲ್ಲರೂ ಕುಡಿಯಿರಿ! ಈಗಲೇ!"

ಹೆಂಗಸರ ಸಾಲುಗಳು ಗಟಗಟ ಕುಡಿದವು. ಮಮತಾ ಕೂಡ. ಬಾಟಲಿ ಬರಿದಾದರೆ ತುಂಬಿಸಿ ಮತ್ತೆ ಕುಡಿದವು. ಅಷ್ಟು ನೀರಿದ್ದರೆ ವಾಣಿವಿಲಾಸ ಸಾಗರ ಕೋಡಿ ಬೀಳುತ್ತಿತ್ತು. ಗೋವಿಂದಯ್ಯನವರ ಕಣ್ಣು ಒದ್ದೆಯಾಯಿತು. ಒಂದು ಉಪನ್ಯಾಸಕ್ಕೆ ಎಂಥ ಪರಿವರ್ತನೆ!

ಅಷ್ಟರಲ್ಲಿ ದಾಕ್ಷಾಯಿಣಿ ತಟ್ಟೆ ಹಿಡಿದು ವೇದಿಕೆ ಏರಿದಳು. ಮೊದಲು ನಿಂಬೆ ಶರಬತ್ತು. ಆಮೇಲೆ ಮಜ್ಜಿಗೆ. ಆಮೇಲೆ ಎಳನೀರು.

"ತಗಳ್ರಿ ಸಾರ್, ಹೊರಗೆ ಬಿಸಿಲು ಬೆಂಕಿ ಐತೆ."

'ನೀರೇ ಅಮೃತ'ದ ವೇದಿಕೆಯಲ್ಲಿ, ಕ್ಯಾಮೆರಾಗಳ ಎದುರು, ಬೇಡ ಎನ್ನಲಾದೀತೇ? ಕುಡಿದರು. ಕುಲಪತಿಗಳೂ ಕುಡಿದರು.

ಕೆಳಗಿನಿಂದ ಕಾಳಕ್ಕ ವೇದಿಕೆಗೂ ಕೇಳುವಂತೆ ಹಂಗಿಸಿದಳು. "ಏನವ್ವಾ ದಾಕ್ಷಾಯಿಣಿ, ಸಾಹೇಬ್ರ ಕಡೀಗೆ ಸೇರ್ಕಂಡ್ಯಾ?"

"ಹೂಂ ಕಣಕ್ಕ. ಅವರ ಸ್ವಾಸ್ಥ್ಯಾನೂ ನೋಡ್ಬೇಕಲ್ಲ."

ಗೋವಿಂದಯ್ಯ ಮೀಸೆಯಡಿ ನಕ್ಕರು. ಶರಣಾಗತಿ!

ಕೊನೆಗೆ ವಂದನಾರ್ಪಣೆ. ಹಾಲೇಶನ ಕೈ ವೈರಿನ ಮೇಲೆ. ದಾಕ್ಷಾಯಿಣಿ ಕುಲಪತಿಗಳನ್ನು ವಂದಿಸಿದಳು. ಡಾಕ್ಟರನ್ನು ವಂದಿಸಿದಳು. ಹೂವು ಕಳಿಸಿದ ಹಿರಿಯೂರಿನವರನ್ನು, ಎಳನೀರು ಕೆಡವಿಕೊಟ್ಟ ಹೊಸದುರ್ಗದವರನ್ನು, ಮಜ್ಜಿಗೆ ಕಡೆದವರನ್ನು, ಆ ಮಜ್ಜಿಗೆಗೆ ಹಾಲು ಕೊಟ್ಟ ಎಮ್ಮೆಯನ್ನು ವಂದಿಸಿದಳು. ನಿಷೇಧಿತ ಪದ ಮಾತ್ರ ಅವಳ ನಾಲಗೆಯ ಹತ್ತಿರವೂ ಸುಳಿಯಲಿಲ್ಲ. ಹೊಗಳುವವರ ಮೈಕ್ ಕೀಳುವುದಾದರೂ ಹೇಗೆ? ವಂದನಾರ್ಪಣೆ ಮುಗಿಯದೆ ವೇದಿಕೆ ಬಿಟ್ಟವರು ಈ ಸೀಮೆಯಲ್ಲಿ ಹುಟ್ಟಿಲ್ಲ.

ಗೋವಿಂದಯ್ಯ ಕಾಲ ಮೇಲೆ ಕಾಲು ಹಾಕಿದರು. ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಹೆಂಗಸರ ಕುರ್ಚಿಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಹೊಳಲ್ಕೆರೆ ಬಸ್ಸಿಗೆ ಓಡುತ್ತಿದ್ದಾರೆ, ನಾಳೆ ಎಲ್ಲರಿಗೂ ನೋಟಿಸು, ಎಂದು ಹಲ್ಲು ಕಚ್ಚಿದರು. ಹಲ್ಲು ಕಚ್ಚಲು ಬೇರೆ ಕಾರಣವೂ ಇತ್ತು.

ರಾಷ್ಟ್ರಗೀತೆ ಅಷ್ಟು ಉದ್ದವೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಮುಗಿದ ಕ್ಷಣವೇ ಅವರು ಓಡಿದರು. ಗುಡ್ಡದ ಕಡೆಗೆ ಹೋಗೋಣವೆಂದರೆ ತಲೆಯ ಮೇಲೆ ಪೇಟ, ಅಂಗಳದಲ್ಲಿ ಪತ್ರಿಕೆಯವರು. ಉಳಿದದ್ದು ಅತಿಥಿಗಳ ಶೌಚಾಲಯ. ಮೂಲೆ ತಿರುಗಿದವರು ನಿಂತೇಬಿಟ್ಟರು.

ಬಾಗಿಲಿಂದ ಮೆಟ್ಟಿಲವರೆಗೆ ಸರದಿ ಸಾಲು. ಒಬ್ಬಳೂ ಬಸ್ಸಿಗೆ ಹೋಗಿರಲಿಲ್ಲ. ವಿಶ್ವವಿದ್ಯಾಲಯದ ಅಷ್ಟೂ ಹೆಂಗಸರು, ಕೈಯಲ್ಲಿ ಖಾಲಿ ಬಾಟಲಿ.

"ಜರುಗ್ರಿ, ಜರುಗ್ರಿ!"

ಕಾಳಕ್ಕ ಅಲುಗಲಿಲ್ಲ. "ನೀವೂ ಒಂದೇ ನಾನೂ ಒಂದೇ ಅಂದ್ರಲ್ಲ ಸಾರ್. ಬರ್ರಿ, ಹಿಂದೆ ನಿಂತ್ಕಳ್ರಿ."

ಬೆನ್ನ ಹಿಂದೆ ಕುಲಪತಿಗಳು ಬೆವರುತ್ತಿದ್ದರು. "ಏನ್ರೀ ಇದು ಗೋವಿಂದಯ್ಯ? ಬೇಗ ಏನಾದರೂ ಮಾಡ್ರೀ!"

ಮೈಕಿನ ಕಡೆಯಿಂದ ದಾಕ್ಷಾಯಿಣಿ ನಿಧಾನವಾಗಿ ನಡೆದುಬಂದಳು. "ಪಕ್ಕದಾಗೆ ಇನ್ನೊಂದು ಐತಲ್ಲ ಸಾರ್. ಬೀಗದ ಕೈ ನಿಮ್ಮ ಜೇಬಿನಾಗೇ ಐತೆ."

ನಾಲ್ಕು ವರ್ಷದ ಬೀಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳಚಿತು. ಶಾಲುಗಳ ಗುಡ್ಡ ಹೊರಗುರುಳಿತು, ಗಂಧದ ಹಾರಗಳು ಕಾಲಿಗೆ ತೊಡರಿದವು. ಅವನ್ನೆಲ್ಲ ತುಳಿದುಕೊಂಡು ಗೋವಿಂದಯ್ಯ ಒಳಗೆ ಕಾಲಿಡುವಷ್ಟರಲ್ಲಿ ದಾಕ್ಷಾಯಿಣಿಯ ಕೈ ಬಾಗಿಲಿಗೆ ಅಡ್ಡ ಬಂತು.

"ಇದು ಹೆಂಗಸರದು ಸಾರ್. ಬಾ ಮಮತಾ, ನೀನು ಮೊದಲು."