ಮೇಸ್ತ್ರಿಯ ಕಣ್ಣಳತೆ

"ಕರ್ಕೊಂಡು ಬಾರಯ್ಯ ಅಂದ್ರೆ ಕೇಳಲ್ಲ ನೀನು," ಎಂದರು ಚೈನ್ ಮಾವ, ಕೊಕ್ಕೆಗೆ ನೇತುಹಾಕಿದ್ದ ಹಸಿರು ಸೈಕಲ್ಲನ್ನು ಇಳಿಸುತ್ತ. "ಹೆಂಡ್ತಿ ಕಾಲಿನ ಅಳತೆ ಗಂಡನ ಬಾಯಲ್ಲಿ ಕೇಳಿ ಸೈಕಲ್ ಕೊಟ್ಟೋರು ಉದ್ಧಾರ ಆಗಿದ್ದನ್ನ ನಾನಂತೂ ಕಂಡಿಲ್ಲ."

ಹಳೆ ಸೈಕಲ್ಲುಗಳನ್ನು ಸರಿಮಾಡಿ ಮಾರುವ ಅವರಿಗೆ ಊರಿಗೆಲ್ಲ ಅದೇ ಹೆಸರು. ಎದುರಿಗೆ ನಿಂತಿದ್ದ ಬಡಗಿ ಮೇಸ್ತ್ರಿ ನಕ್ಕ. ಸೋಮವಾರದಿಂದ ಅವನ ಹೆಂಡತಿಗೆ ಊರಿನ ಆ ತುದಿಯ ಶಿಶುವಿಹಾರದಲ್ಲಿ ಕೆಲಸ. ಹುಡುಗಿಯಾಗಿದ್ದಾಗ ಚೆನ್ನಾಗಿಯೇ ಸೈಕಲ್ ಹೊಡೆಯುತ್ತಿದ್ದವಳು, ಒಮ್ಮೆ ಅಣ್ಣನ ದೊಡ್ಡ ಸೈಕಲ್ಲಿನಿಂದ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡ ಮೇಲೆ ಬಿಟ್ಟೇಬಿಟ್ಟಿದ್ದಳು. ಈಗ ಮತ್ತೆ ಹತ್ತುತ್ತೇನೆ ಎಂದಿದ್ದಾಳೆ. ಕರಾರು ಒಂದೇ. ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲ ಮುಟ್ಟಬೇಕು. ಮುಟ್ಟದಿದ್ದರೆ ಸೈಕಲ್ಲೂ ಬೇಡ, ಕೆಲಸವೂ ಬೇಡ.

"ನೋಡು, ಸೀಟು ಇದಕ್ಕಿಂತ ಕೆಳಗೆ ಇಳಿಯಲ್ಲ," ಎಂದು ಚೈನ್ ಮಾವ ಸೀಟಿನ ಕೊಳವೆಯನ್ನು ತಟ್ಟಿ ತೋರಿಸಿದರು. "ಹ್ಯಾಂಡಲ್ ಏರಿಸಬಹುದು, ಸೀಟು ಬದಲಾಯಿಸಬಹುದು. ಫ್ರೇಮು ಅಂದ್ರೆ ಮೂಳೆ ಇದ್ದ ಹಾಗೆ, ಅದನ್ನ ಕುಯ್ಯೋಕಾಗಲ್ಲ. ಈ ಹಸಿರಿಂದು ದೊಡ್ಡ ಫ್ರೇಮು. ಅಲ್ಲಿ ಮೂಲೇಲಿ ಕೆಂಪುದೊಂದಿದೆ, ಅದು ಒಂದು ಸೈಜು ಚಿಕ್ಕದು."

"ಅದರ ಬಣ್ಣ ನೋಡಿ ಮಾವ, ಮಂಗ ಕೆರೆದ ಹಾಗಿದೆ. ಹಸಿರೇ ಕೊಡಿ. ಊರ ಬಾಗಿಲೆಲ್ಲ ಕಣ್ಣಳತೆಯಲ್ಲೇ ಕೂರಿಸಿದೋನು ನಾನು, ನನ್ನ ಹೆಂಡ್ತಿ ಎತ್ತರ ಗೊತ್ತಿಲ್ವಾ? ಹಿತ್ತಲಲ್ಲಿ ಬಟ್ಟೆ ಹಗ್ಗ ಕಟ್ಟಿದೀನಿ, ನನ್ನ ನೆತ್ತಿಗಿಂತ ಒಂದು ಗೇಣು ಮೇಲೆ. ದಿನಾ ಅದಕ್ಕೇ ಬಟ್ಟೆ ಹಾಕ್ತಾಳೆ, ಎಟುಕಲ್ಲ ಅಂತ ಒಂದು ದಿನ ಅಂದಿಲ್ಲ. ಅಂದ್ರೆ ನನ್ನ ಕಿವಿವರೆಗಾದ್ರೂ ಇರಲೇಬೇಕು."

ಲೆಕ್ಕ ಸರಿಯಾಗೇ ಇತ್ತು. ಚೈನ್ ಮಾವ ತಲೆ ಕೆರೆದುಕೊಂಡು ಗಾಳಿ ಹೊಡೆದು ಕೊಟ್ಟರು.

ಹಿತ್ತಲಿನಲ್ಲಿ ಹೆಂಡತಿ ಹಸಿರು ಸೈಕಲ್ಲನ್ನು ಸುತ್ತು ಹಾಕಿ ನೋಡಿದಳು, ಬೆಲ್ಲು ಬಾರಿಸಿದಳು, ಕೈ ಒರೆಸಿಕೊಂಡು ಹತ್ತಿದಳು. ಮೇಸ್ತ್ರಿ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡ. ಅವಳ ಕಾಲ ಬೆರಳುಗಳು ಆ ಕಡೆ ಈ ಕಡೆ ಗಾಳಿಯಲ್ಲಿ ನೆಲ ಹುಡುಕಿದವು. ನೆಲ ಸಿಗಲಿಲ್ಲ.

"ಬಿಡಬೇಡಿ, ಬಿಡಬೇಡಿ," ಎನ್ನುತ್ತ ಅವನ ಭುಜ ಹಿಡಿದು ಇಳಿದಳು. ಕೈ ತಾನಾಗಿಯೇ ಗದ್ದದ ಹೊಲಿಗೆಯ ಗುರುತಿಗೆ ಹೋಯಿತು. "ಬಣ್ಣ ಬಹಳ ಚೆನ್ನಾಗಿದೆ ಕಣ್ರೀ. ನೀವೇ ಇಟ್ಕೊಳ್ಳಿ. ನಾನು ಆ ಕೆಲಸಕ್ಕೆ ಬರಲ್ಲ ಅಂತ ಹೇಳಿಬಿಡ್ತೀನಿ."

"ಅದು ಹೇಗೆ ಎಟುಕಲ್ಲ?" ಮೇಸ್ತ್ರಿ ಹಗ್ಗದತ್ತ ಕೈ ತೋರಿಸಿದ. "ಅಷ್ಟು ಎತ್ತರದ ಹಗ್ಗ ದಿನಾ ಎಟುಕತ್ತೆ, ನೆಲ ಎಟುಕಲ್ವಾ ನಿಂಗೆ?"

ಅವಳ ಕಣ್ಣು ಹಗ್ಗದ ಕೆಳಗೆ ಗೋಡೆಗೆ ಒರಗಿಸಿಟ್ಟಿದ್ದ ಮರದ ಮಣೆಯ ಕಡೆ ಹೋಗಿ ಬಂತು. ಮದುವೆಯಾದ ಹೊಸದರಲ್ಲಿ ಅವನೇ ಮಾಡಿಕೊಟ್ಟಿದ್ದ ಮಣೆ, ಆರು ಬೆರಳು ಎತ್ತರದ್ದು. ಬೆಳಗ್ಗೆ ಅವಳು ಬಟ್ಟೆ ಒಗೆಯುವ ಮೊದಲೇ ಅವನು ಕೆಲಸಕ್ಕೆ ಹೊರಟಿರುತ್ತಿದ್ದ, ಸಂಜೆ ಬರುವಷ್ಟರಲ್ಲಿ ಬಟ್ಟೆ ಮಡಚಿ ಒಳಗಿರುತ್ತಿತ್ತು. ಮೇಸ್ತ್ರಿ ಮಣೆ ಎತ್ತಿ ಬೆಳಕಿಗೆ ಹಿಡಿದ. ಪಾಲಿಶ್ ಎರಡು ಕಡೆ ಸವೆದು ಹೋಗಿತ್ತು. ಒಂದು ಎಡಪಾದ, ಒಂದು ಬಲಪಾದ.

"ಇದು ಕೂರೋಕೆ ಅಂತ ಮಾಡಿಕೊಟ್ಟಿದ್ದಲ್ವೇನೇ?"

"ಕೂರೋಕೆ ನಂಗೆಲ್ಲಿ ಪುರಸೊತ್ತು?"

"ಹಗ್ಗ ಎತ್ತರ ಆಯ್ತು ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಬಾಯಲ್ಲಿ ಮೊಳೆ ಕಚ್ಚಿಕೊಂಡು, ಬೆವರು ಸುರಿಸಿಕೊಂಡು ಕಟ್ಟಿದ್ರಿ. ಇಳಿದು ಬಂದು 'ನೋಡು, ಸರಿಯಾಗಿದೆಯಾ?' ಅಂದ್ರಿ. ನಾನು ಆಗಿನ್ನೂ ಹೊಸಬಳು, ಹೂಂ ಅಂದೆ. ಒಂದ್ಸಲ ಹೂಂ ಅಂದ ಮೇಲೆ ಮುಗೀತಲ್ಲ."

ಮೇಸ್ತ್ರಿ ಮಣೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬಂದ ದಾರಿಯಲ್ಲೇ ಹೊರಟ. ಈ ಸಲ ಅವಳನ್ನೂ ಕರೆದ. ಅಂಗಡಿ ಬಾಗಿಲಿಗೆ ಬರುವಷ್ಟರಲ್ಲೇ ಚೈನ್ ಮಾವನಿಗೆ ಎಲ್ಲ ಅರ್ಥವಾಗಿತ್ತು.

"ಎಷ್ಟು ಗಿಡ್ಡ ಬೇಕಪ್ಪ, ಕಣ್ಣಳತೆ ಮೇಸ್ತ್ರಿ?"

ಮೇಸ್ತ್ರಿ ಮಣೆ ಬಿಚ್ಚಿ ಅವರ ಮುಂದಿಟ್ಟ. "ಇಷ್ಟು."

ಚೈನ್ ಮಾವ ಮಣೆಯ ಮೇಲಿನ ಪಾದಗಳನ್ನು ನೋಡಿದರು, ಆಮೇಲೆ ಅವನ ಹೆಂಡತಿಯನ್ನು ನೋಡಿದರು. ತಮಾಷೆ ಮಾಡಬೇಕೆಂದಿದ್ದವರು ಮಾಡಲಿಲ್ಲ. ಮೂಲೆಯ ಕೆಂಪು ಸೈಕಲ್ಲನ್ನು ತಂದು ನಿಲ್ಲಿಸಿ, "ಕೂತ್ಕೊಳಮ್ಮ," ಎಂದರು. ಅವಳು ಕೂತಳು. ಎರಡೂ ಹಿಮ್ಮಡಿ ನೆಲಕ್ಕೆ ಅಂಟಿದವು. ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಮರುದಿನ ಮೇಸ್ತ್ರಿ ಹಗ್ಗ ಬಿಚ್ಚಿದ. ಹೆಂಡತಿಯನ್ನು ಬರಿನೆಲದ ಮೇಲೆ ನಿಲ್ಲಿಸಿ, ಮೊಣಕೈ ಬಾಗಿಸಿ ಕೈ ಎತ್ತು ಎಂದು, ಅವಳ ಬೆರಳು ಬಂದ ಕಡೆಗೇ ಮೊಳೆ ಹೊಡೆದ.

ಸೋಮವಾರ ಬೆಳಗ್ಗೆ ಕೆಂಪು ಸೈಕಲ್ಲು ಗೇಟು ದಾಟಿತು. ಮೊದಲು ತೊನೆಯಿತು, ಆಮೇಲೆ ನೆಟ್ಟಗಾಯಿತು. ಹಿತ್ತಲಿನಿಂದ ಬೀದಿಯನ್ನೇ ನೋಡುತ್ತ ಎರಡು ಹೆಜ್ಜೆ ಮುಂದೆ ಬಂದ ಮೇಸ್ತ್ರಿಯ ಹಣೆಗೆ ಹಗ್ಗ ರಪ್ಪನೆ ಬಡಿಯಿತು. ಒದ್ದೆ ಟವೆಲೊಂದು ಮುಖದ ಮೇಲೆ ಕವುಚಿಕೊಂಡಿತು.

ಬೇಲಿಯಾಚೆ ಸೈಕಲ್ಲು ನಿಂತಿತು. ಎರಡೂ ಕಾಲು ನೆಲಕ್ಕೂರಿ ಅವಳು ಕೇಳಿದಳು, "ಹಗ್ಗ ತೀರಾ ತಗ್ಗಾಯ್ತೇನ್ರೀ?"

"ಇಲ್ಲ ಇಲ್ಲ," ಎಂದ ಮೇಸ್ತ್ರಿ, ಟವೆಲಿನ ಒಳಗೆ ಹಣೆ ಉಜ್ಜಿಕೊಳ್ಳುತ್ತ. "ಸರಿಯಾಗಿದೆ."