ಬೇರು ಯಾರ ಮೈಯಲ್ಲಿ

"ಇದು ಸಾರೋ, ಸಮುದ್ರದ ನೀರೋ?" ಗಿರಾಕಿ ಬಟ್ಟಲು ತಳ್ಳಿ ಎದ್ದುಹೋದ. ಚೀನಾದ ಸೂಝೌ ಪೇಟೆಯಲ್ಲಿ ಬಾವೋಗೆನ್ ಮಾಡುವ ನೂಡಲ್ಸ್ ಸಾರಿಗೆ ಜನ ಬೆಳಕು ಹರಿಯುವ ಮೊದಲೇ ಕಾಯುತ್ತಿದ್ದ ಕಾಲವಿತ್ತು. ಈಗ ಅವನ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಹೆಂಡತಿ ಯಾಚಿನ್ ಒಲೆ ಆರಿಸಿ ಅವನ ತೋಳು ಹಿಡಿದೆಳೆದಳು. "ನಡಿ, ಫಾನ್ ಡಾಕ್ಟರಮ್ಮನ ಹತ್ರ. ಹೀಗೇ ಆದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ನಿನ್ನ ಸಾರು ನೀನೇ ಕುಡೀಬೇಕು."

ಬೇರು, ತೊಗಟೆಗಳ ವಾಸನೆ ತುಂಬಿದ ಕೋಣೆಯಲ್ಲಿ ಮುದುಕಿ ಫಾನ್ ಅವನ ನಾಲಿಗೆ ನೋಡಿದರು. ಒಂದೊಂದೇ ಕೈಯ ನಾಡಿ ಹಿಡಿದು ಕಣ್ಣು ಮುಚ್ಚಿದರು.

"ನಾಲಿಗೇಲಿ ಏನೂ ಇಲ್ಲ. ಚಿಂತೆ ಹೊಟ್ಟೆ ಸೇರಿದ್ರೆ ಹಸಿವು ಹೋಗುತ್ತೆ, ಅದರ ಹಿಂದೇನೇ ರುಚಿ. ಏನಪ್ಪಾ ಚಿಂತೆ?"

"ಏನಿಲ್ಲ."

"ಇವನಿಗೆ ಚಿಂತೆನಾ?" ಯಾಚಿನ್ ನಕ್ಕಳು. "ದಿಂಬಿಗೆ ತಲೆ ತಗುಲಿದ್ರೆ ಸಾಕು, ಗೊರಕೆ!"

ಬಾವೋಗೆನ್ ನಗಲಿಲ್ಲ. ಓರೆಗಣ್ಣಿನಿಂದ ಅವಳನ್ನು ನೋಡಿ ತಲೆ ತಗ್ಗಿಸಿದ. ಫಾನ್ ಅದನ್ನು ಗಮನಿಸಿದರು.

"ನಿನ್ನ ಕೈ ಕೊಡು ತಾಯಿ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಕೊಡು."

ಈ ಸಲ ಫಾನ್ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ಉಸಿರು ಯಾವಾಗಿಂದ ಕಟ್ತಾ ಇದೆ?"

ಯಾಚಿನ್ ಬಾಯಿ ತೆರೆಯುವ ಮೊದಲೇ ಬಾವೋಗೆನ್ ಹೇಳಿಬಿಟ್ಟ. "ಚಳಿಗಾಲದಿಂದ. ಅಟ್ಟ ಹತ್ತುವಾಗ ನಡುವೆ ನಿಂತು ಎದೆ ಒತ್ಕೋತಾಳೆ. ನಾನು ಬಂದ್ರೆ ಗೋಡೆ ಒರೆಸೋಕೆ ಶುರು ಮಾಡ್ತಾಳೆ."

"ನಿಂಗೆ ಗೊತ್ತಿತ್ತಾ?" ಯಾಚಿನ್ ಧ್ವನಿ ಇಳಿಯಿತು.

"ನೀನು ಮುಚ್ಚಿಟ್ಟೆ. ಕೇಳಿದ್ರೆ ಏನು ಹೇಳ್ತೀಯೋ ಅಂತ ನಾನು ಹೆದರಿಕೊಂಡೆ."

ಫಾನ್ ಅವಳ ಕೈಯನ್ನು ಬಿಡದೆಯೇ ಮಾತಾಡಿದರು. "ಮೈಯಲ್ಲಿ ಯಾವುದೂ ಒಂಟಿಯಾಗಿರಲ್ಲ. ಎದೆ ಸೋತ್ರೆ ಕಾಲು ಸೋಲುತ್ತೆ, ಮನಸ್ಸು ಬಿಗಿದ್ರೆ ಹೊಟ್ಟೆ ಬಿಗಿಯುತ್ತೆ. ಒಂದೇ ಪಾತ್ರೇಲಿ ಉಂಡೋರ ನಡುವೇನೂ ಹಾಗೇ. ಎಲೆ ಬಾಡಿರೋದು ಅವನಲ್ಲಿ, ಬೇರು ನಿನ್ನಲ್ಲಿದೆ. ಬರೀ ಎಲೆಗೆ ನೀರು ಹಾಕಿ ನಾನೇನು ಮಾಡ್ಲಿ? ಇದು ನನ್ನ ಕಷಾಯಕ್ಕೆ ಕಾಯೋ ಹೊತ್ತಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ."

ಅವಳ ಹೃದಯದ ಕವಾಟವೊಂದು ಕಿರಿದಾಗಿತ್ತು. ಆಪರೇಷನ್ ಆಯಿತು. ಅವಳು ಕಣ್ಣು ತೆರೆದಳೆಂದು ನರ್ಸ್ ಬಂದು ಹೇಳಿದಾಗ ಬಾವೋಗೆನ್ ಕ್ಯಾಂಟೀನಿನಲ್ಲಿ ಬರೀ ಅಕ್ಕಿಗಂಜಿ ಮುಂದಿಟ್ಟುಕೊಂಡು ಕೂತಿದ್ದ. ಒಂದು ಚಮಚ ಬಾಯಿಗಿಟ್ಟ. ಸಿಹಿ! ಬೆಂದ ಅಕ್ಕಿಯ ತೆಳುವಾದ ಸಿಹಿ. ಅಷ್ಟು ಜನರ ನಡುವೆ ಬಿಕ್ಕಿ ಅಳುತ್ತಲೇ ಬಟ್ಟಲು ಬಳಿದು ತಿಂದ.

ಪೀಚ್ ಮರಗಳು ಹೂ ಬಿಟ್ಟಾಗ ಇಬ್ಬರೂ ಫಾನ್ ಮನೆಗೆ ಹೋಗಿ ನಡು ಬಗ್ಗಿಸಿ ವಂದಿಸಿದರು. ಮುದುಕಿಗೆ ಸಂಕೋಚವಾಯಿತು. "ಸಾಕು, ಸಾಕು. ಕೊಯ್ದು ಹೊಲಿದೋರು ದೊಡ್ಡಾಸ್ಪತ್ರೆಯೋರು. ನಾನು ಬೆರಳಿಟ್ಟೆ, ಅಷ್ಟೆ."

"ಹಾಗೆ ಬೆರಳಿಟ್ಟು ಕೇಳಿದೋರು ನೀವೊಬ್ರೇ," ಎಂದಳು ಯಾಚಿನ್.

ಹಿಂದಿರುಗುವಾಗ ಕಾಲುವೆಯ ಕಲ್ಲುಸೇತುವೆ ಹತ್ತುತ್ತ ಅವಳು ನಿಂತಳು. "ಇರು, ಸುಸ್ತಾಯ್ತು. ಕೂತ್ಕೋಬೇಕು."

ಅವಳು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಾವೋಗೆನ್ ಕೋಟು ಕಳಚಿ ತಣ್ಣನೆಯ ಮೆಟ್ಟಿಲ ಮೇಲೆ ಹಾಸಿದ. ದಾರಿಹೋಕರೆಲ್ಲ ಸುತ್ತಿ ಹೋಗುವಂತೆ ಇಬ್ಬರೂ ನಟ್ಟನಡುವೆ ಕೂತರು.